ತರೀಕೆರೆಯಿಂದ ಹೆಬ್ಬೆಗೆ, ಬೋರ್ಡುಗಳನ್ನು ಓದುತ್ತಾ

ಹೆಬ್ಬೆ ಜಲಪಾತಕ್ಕೆ ಹೋಗುವವರೆಲ್ಲ ನೀರು ನೋಡಲು ಹೋಗುತ್ತಾರೆ. ನಾನು ಈ ಸಲ ದಾರಿಯುದ್ದಕ್ಕೂ ಬೋರ್ಡು ನೋಡುತ್ತಾ ಹೋದೆ. ಅಂಗಡಿ ಬೋರ್ಡು, ಹೋಂಸ್ಟೇ ಬೋರ್ಡು, ಜೀಪಿನವರ ಬೋರ್ಡು, ಅರಣ್ಯ ಇಲಾಖೆಯ ಬೋರ್ಡು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ತೆಂಗು, ಅಡಿಕೆ, ಈರುಳ್ಳಿಯನ್ನು ನಂಬಿದ್ದ ಎಷ್ಟೋ ಮನೆಗಳು ಈಗ ಬೆಟ್ಟಕ್ಕೆ ಬರುವ ಪ್ರವಾಸಿಗರನ್ನೂ ನಂಬಿವೆ. ಪ್ರವಾಸಿ ಬಾಗಿಲಿಗೆ ಬರಬೇಕಾದರೆ ಬೋರ್ಡು ಬೇಕು, ಬೋರ್ಡು ನಿಲ್ಲಿಸಬೇಕಾದರೆ ಅನುಮತಿ ಬೇಕು. ಆ ಅನುಮತಿಗಾಗಿ ಕೆಲಸ ಬಿಟ್ಟು ಅಲೆದಾಡಿ, ದುಡ್ಡು ಕಟ್ಟಿ, ಕಾಗದ ತರುವುದು ಸಾರ್ಥಕವೇ? ದಾರಿ ಹಿಡಿದು ನೋಡಿದರೆ ಇದಕ್ಕೆ ಉತ್ತರ ಒಂದಲ್ಲ, ಎರಡು.

ತರೀಕೆರೆ ಪೇಟೆಯಿಂದಲೇ ಶುರು ಮಾಡೋಣ. ಬೆಂಗಳೂರು–ಹೊನ್ನಾವರ ಹೆದ್ದಾರಿಯ ಮೇಲಿನ ಊರು ಇದು. ಅಡಿಕೆ ಮಂಡಿಯೊಂದರ ಮೇಲೆ ತಗಡಿನ ಹಳೇ ಬೋರ್ಡು ಇನ್ನೂ ಕೂತಿದೆ. ಹಳದಿ ನೆಲ, ಕಡುನೀಲಿ ಅಕ್ಷರ, ಪ್ರತಿ ಅಕ್ಷರದ ಬಲ ಅಂಚಿಗೆ ಕೆಂಪು ನೆರಳು. ಮೇಲ್ಗಡೆ ನಡುವೆ ಪುಟ್ಟದಾಗಿ ದೇವರ ಹೆಸರು, ಕೆಳಗೆ ಬಲಮೂಲೆಯಲ್ಲಿ ಬರೆದವರ ಹೆಸರು, ಅದರ ಪಕ್ಕ ‘ಆರ್ಟ್ಸ್’. ಎನಾಮಲ್ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ. ಆದರೂ ರಸ್ತೆಯ ಆಚೆ ಬದಿಯಿಂದ ಸಲೀಸಾಗಿ ಓದಬಹುದು. ಅದರ ಪಕ್ಕದ ಮೊಬೈಲ್ ಅಂಗಡಿಯ ಫ್ಲೆಕ್ಸಿನಲ್ಲಿ ಕಂಪನಿಯ ಹೆಸರು ಆಳೆತ್ತರ, ಅಂಗಡಿಯ ಹೆಸರು ಒಂದು ಗೇಣು. ಆ ಫ್ಲೆಕ್ಸನ್ನು ಕಂಪನಿಯವರೇ ಪುಕ್ಕಟೆ ಹಾಕಿಕೊಟ್ಟಿರುತ್ತಾರೆ. ಸಣ್ಣ ಅಂಗಡಿಯವರಿಗೆ ಅದೊಂದು ಅನುಕೂಲ, ಬೋರ್ಡಿನ ಖರ್ಚು ಉಳಿಯುತ್ತದೆ. ಆದರೆ ಅಂಗಡಿಯ ಹಣೆ ಪರರ ಪಾಲಾಗಿರುತ್ತದೆ.

ಇವೆರಡೂ ಒಂದೇ ಗೋಡೆಯ ಮೇಲಿದ್ದರೂ ಒಂದೇ ಜಾತಿಯವಲ್ಲ. ಮೊದಲನೆಯದು ಇದು ಯಾರ ಅಂಗಡಿ ಎಂದು ಹೇಳುತ್ತದೆ, ಎರಡನೆಯದು ಜಾಹೀರಾತು. ಕಾನೂನಿಗೂ ಈ ವ್ಯತ್ಯಾಸ ಗೊತ್ತಿದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಬರೆದವರು ಜಾಹೀರಾತು ತೆರಿಗೆ ವಿಧಿಸುವಾಗ, ಒಂದು ಕಟ್ಟಡದಲ್ಲಿ ನಡೆಯುವ ವ್ಯಾಪಾರದ ಬಗ್ಗೆ ಅದೇ ಕಟ್ಟಡದ ಮೇಲೆ ಹಾಕಿಕೊಂಡ ಬರಹಕ್ಕೆ ವಿನಾಯಿತಿ ಕೊಟ್ಟಿದ್ದರು. ತನ್ನ ಅಂಗಡಿಗೆ ತನ್ನ ಹೆಸರು ಬರೆದುಕೊಳ್ಳುವುದು ವ್ಯಾಪಾರದ ಭಾಗ, ಅದಕ್ಕೆ ಬೇರೆ ತೆರಿಗೆ ಏಕೆ ಎಂಬ ವಿವೇಕ ಅದರ ಹಿಂದಿತ್ತು. ಪಾಲಿಕೆಗಳಿಗೆ ಹೇಳಿದ ಈ ಮಾತು ತರೀಕೆರೆ, ಕಡೂರು, ಬೀರೂರಿನಂಥ ಪುರಸಭೆಗಳ ಪೇಟೆಗೂ, ಬೆಟ್ಟದ ಪಂಚಾಯಿತಿಗಳ ಗೂಡಂಗಡಿಗೂ ಒಪ್ಪುವ ಮಾತು ಎಂದೇ ನನ್ನ ನಂಬಿಕೆ. ಉದ್ದಿಮೆ ಪರವಾನಗಿ ಪಡೆದ ಅಂಗಡಿಯ ಹಣೆಯ ಮೇಲಿನ ಹೆಸರಿಗೆ ಮತ್ತೊಂದು ಅರ್ಜಿ, ಮತ್ತೊಂದು ನಕ್ಷೆ, ಮತ್ತೊಂದು ವರ್ಷಾವಧಿ ನವೀಕರಣ ಕೇಳಿದರೆ ಯಾರಿಗೂ ಉಪಯೋಗವಿಲ್ಲ. ಪರವಾನಗಿ ಕೊಡುವಾಗಲೇ ಬೋರ್ಡಿನ ಅಳತೆಯನ್ನು ಅದರಲ್ಲಿ ಬರೆದುಕೊಟ್ಟರೆ ಸಾಕು.

ಹೆಸರು ಯಾವ ಭಾಷೆಯಲ್ಲಿರಬೇಕು ಎಂಬುದು ಈಗ ತೀರ್ಮಾನವಾಗಿರುವ ವಿಷಯ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದೂ ಮೇಲಿನ ಅರ್ಧದಲ್ಲಿ. 2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಡೆದ ಹೋರಾಟದ ಬಿಸಿಯಲ್ಲಿ ಹುಟ್ಟಿದ ನಿಯಮ ಇದು. ಮೊದಲು ಸುಗ್ರೀವಾಜ್ಞೆ ಹೊರಡಿಸಲು ಸರ್ಕಾರ ಹೊರಟಿತು, ರಾಜ್ಯಪಾಲರು ಅದನ್ನು ಹಿಂದಿರುಗಿಸಿದರು, ಆಮೇಲೆ ಫೆಬ್ರುವರಿ ಅಧಿವೇಶನದಲ್ಲಿ ಮಸೂದೆ ಅಂಗೀಕಾರವಾಯಿತು. ತರೀಕೆರೆ ಪೇಟೆಗೆ ಇದರಿಂದ ಆದ ಬದಲಾವಣೆ ಕಡಿಮೆ, ಏಕೆಂದರೆ ಇಲ್ಲಿನ ಬೋರ್ಡು ಮೊದಲಿಂದಲೂ ಕನ್ನಡದ್ದೇ. ಬೆಟ್ಟ ಹತ್ತುತ್ತ ಹೋದಂತೆ ಮಾತ್ರ ಕನ್ನಡ ಅಕ್ಷರ ಚಿಕ್ಕದಾಗುತ್ತ ಹೋಗುತ್ತದೆ. ರಾತ್ರಿ ಹೊತ್ತು ಆಂಬುಲೆನ್ಸ್ ಚಾಲಕನೋ ಗ್ಯಾಸ್ ಸಿಲಿಂಡರ್ ತರುವ ಹುಡುಗನೋ ಆ ತಿರುವುಗಳಲ್ಲಿ ಮನೆ ಹುಡುಕಬೇಕು. ಅವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಕನ್ನಡ.

ತರೀಕೆರೆ ಬಿಡುವ ಮೊದಲು ಒಂದು ಮಾತು. ಇಲ್ಲಿಂದ ಹತ್ತು ಹನ್ನೊಂದು ಕಿಲೋಮೀಟರ್ ದೂರದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಅದರ ಮುಂದಿನ ದೊಡ್ಡ ಶಿಲಾಶಾಸನ ಕವಿ ಜನ್ನನ ರಚನೆ. ಎಂಟುನೂರು ವರ್ಷ ದಾಟಿದ ಆ ಕಲ್ಲಿನ ಮೇಲೆ ಯಾರು ಬರೆಸಿದರು, ಏತಕ್ಕೆ ಬರೆಸಿದರು ಎಂಬುದೆಲ್ಲ ಇಂದಿಗೂ ಓದಲು ಸಿಗುತ್ತದೆ. ಇದೇ ತಾಲ್ಲೂಕಿನಲ್ಲಿ ರಸ್ತೆಬದಿ ಕಟ್ಟಿದ ಫ್ಲೆಕ್ಸ್ ಒಂದು ಮಳೆಗಾಲ ಕಳೆದರೆ ಬಿಳಿಚಿ, ಹರಿದು, ಚರಂಡಿಗೆ ಬೀಳುತ್ತದೆ. ಅದನ್ನು ಕಟ್ಟಿದವರು ಯಾರೆಂದು ಕೇಳಿದರೆ ಹೇಳುವವರಿಲ್ಲ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸ್, ಬ್ಯಾನರು, ಬಂಟಿಂಗು ಎಲ್ಲವೂ ಇದ್ದವು. ನಿಷೇಧ ಕಾಗದದ ಮೇಲಿದೆ, ಫ್ಲೆಕ್ಸ್ ಕಂಬದ ಮೇಲಿದೆ.

ಲಿಂಗದಹಳ್ಳಿ ಕೂಡುದಾರಿಯ ಊರು. ತರೀಕೆರೆ, ಬೀರೂರು, ಸಂತವೇರಿ ಮೇಲಿಂದ ಚಿಕ್ಕಮಗಳೂರು, ಕಲ್ಲತ್ತಿಗಿರಿ ಮೇಲಿಂದ ಕೆಮ್ಮಣ್ಣುಗುಂಡಿ, ಎಲ್ಲ ಕಡೆಗೂ ಇಲ್ಲಿಂದಲೇ ದಾರಿ ಒಡೆಯುತ್ತದೆ. ಹೊಸಬರು ಗಾಡಿ ನಿಲ್ಲಿಸಿ ಕೇಳುವುದೂ ಇಲ್ಲೇ. ಹಾಗಾಗಿ ಬಾಣದ ಗುರುತಿನ ಬೋರ್ಡುಗಳ ಪೈಪೋಟಿಯೂ ಇಲ್ಲಿಂದಲೇ. ಒಬ್ಬರ ಬೋರ್ಡಿಗೆ ಅಡ್ಡ ಇನ್ನೊಬ್ಬರದು, ಅದಕ್ಕೂ ಮೇಲೆ ಮತ್ತೊಬ್ಬರದು. ರಾಜಕಾರಣಿಯ ಹುಟ್ಟುಹಬ್ಬದ ಫ್ಲೆಕ್ಸ್ ಬಂತೆಂದರೆ ಮೂವರದೂ ಕಾಣಿಸದು. ಇಲ್ಲಿ ಬೋರ್ಡು ನಿಲ್ಲಿಸಿದ ಸಣ್ಣ ವ್ಯಾಪಾರಿಗೆ ನಷ್ಟವಾದಾಗ ಕೇಳುವ ಹಕ್ಕು ಎಲ್ಲಿಂದ ಬರಬೇಕು? ಅನುಮತಿ ಪತ್ರದಿಂದ ಮಾತ್ರ. ಅನುಮತಿ ಇಲ್ಲದ ಬೋರ್ಡನ್ನು ಯಾರು ಬೇಕಾದರೂ ಕಿತ್ತೊಗೆಯಬಹುದು, ಯಾರು ಬೇಕಾದರೂ ಮರೆಮಾಡಬಹುದು. ದೂರು ಕೊಡಲು ಹೋದರೆ ಮೊದಲು ತನ್ನದೇ ತಪ್ಪು ಒಪ್ಪಿಕೊಳ್ಳಬೇಕು.

ಲಿಂಗದಹಳ್ಳಿ ದಾಟಿದರೆ ರಸ್ತೆ ಏರತೊಡಗುತ್ತದೆ. ತೋಟದ ಬೇಲಿಗುಂಟ ಸಿಲ್ವರ್ ಓಕ್ ಮರಗಳು, ಅವುಗಳ ಮೈಗೆ ಮೆಣಸಿನ ಬಳ್ಳಿ. ಬಳ್ಳಿ ಇಲ್ಲದ ಮರಕ್ಕೆ ಬೋರ್ಡು. ನಾನು ಒಂದು ಮರದ ಹತ್ತಿರ ನಿಂತು ನೋಡಿದೆ. ಈಗಿರುವ ಹೋಂಸ್ಟೇ ಫಲಕ ನಾಲ್ಕು ಮೊಳೆಗಳ ಮೇಲೆ ನಿಂತಿದೆ. ಅದರ ಸುತ್ತ ಹಿಂದಿನ ಫಲಕಗಳ ಮೊಳೆಗಳು, ಕೆಲವು ತಲೆ ಬಾಗಿ, ಕೆಲವು ಬರೀ ತುಕ್ಕಿನ ಚುಕ್ಕೆಯಾಗಿ ಉಳಿದಿವೆ. ಒಂದು ಮೊಳೆಯ ಸುತ್ತ ತೊಗಟೆ ತುಟಿಯಂತೆ ಉಬ್ಬಿ ಅರ್ಧ ನುಂಗಿದೆ. ಕೆಳಗೆ ಒಂದಡಿ ಉದ್ದಕ್ಕೆ ಕಂದು ಕಲೆ ಇಳಿದಿದೆ. ಇನ್ನು ಕೆಲವು ವರ್ಷ ಹೋದರೆ ಆ ಮೊಳೆ ಹೊರಗಿನಿಂದ ಕಾಣುವುದೇ ಇಲ್ಲ. ಮುಂದೆ ಮರ ಕಡಿದು ಸಾಮಿಲ್ಲಿಗೆ ಒಯ್ದಾಗ ಗರಗಸದ ಹಲ್ಲು ಅದಕ್ಕೆ ತಾಗುತ್ತದೆ. ಮೊಳೆ ಬಿದ್ದ ದಿಮ್ಮಿಗೆ ಬೆಲೆ ಇಳಿಯುತ್ತದೆ, ಬ್ಲೇಡು ಹಾಳಾಗುತ್ತದೆ, ಕೊಯ್ಯುವವರ ಕೈಗೂ ಕಣ್ಣಿಗೂ ಅಪಾಯ. ಬೋರ್ಡು ಹೊಡೆದವರಿಗೆ ಪುಕ್ಕಟೆ ಅನ್ನಿಸಿದ್ದು ಹೀಗೆ ಬೇರೆ ಯಾರದೋ ಲೆಕ್ಕದಲ್ಲಿ ಖರ್ಚಾಗುತ್ತದೆ. ಬೆಂಗಳೂರಿನಲ್ಲಿ ಸ್ವಯಂಸೇವಕರು ಇಕ್ಕಳ ಹಿಡಿದು ಬೀದಿ ಮರಗಳ ಮೊಳೆ ಕೀಳುವ ಕೆಲಸ ಮಾಡಿದ್ದಾರೆ. ಈ ಬೆಟ್ಟದ ದಾರಿಯಲ್ಲಿ ಆ ಕೆಲಸಕ್ಕೆ ಕೈ ಹಾಕುವವರು ಬೇಕಾಗಿದೆ.

ಹೋಂಸ್ಟೇ ನಡೆಸುವವರನ್ನೇ ಬೈಯುವುದು ನ್ಯಾಯವಲ್ಲ. ಈ ರಸ್ತೆಯಲ್ಲಿ ಕ್ರಮವಾಗಿ ಒಂದು ಬೋರ್ಡು ಹಾಕಬೇಕೆಂದು ಹೊರಟವರ ಪಾಡು ನೋಡಿ. ಊರೊಳಗಿನ ರಸ್ತೆ ಗ್ರಾಮ ಪಂಚಾಯಿತಿಯದು. ಮುಖ್ಯರಸ್ತೆಯ ಅಂಚು ಲೋಕೋಪಯೋಗಿ ಇಲಾಖೆಯದು. ಅದರಾಚೆಗಿನ ಮರ ಅರಣ್ಯ ಇಲಾಖೆಯದೋ ತೋಟದವರದೋ ಎಂಬುದು ಸರ್ವೆ ಕಲ್ಲು ಹುಡುಕಿದರಷ್ಟೇ ಗೊತ್ತಾಗುತ್ತದೆ. ಮೇಲೆ ಕೆಮ್ಮಣ್ಣುಗುಂಡಿಗೆ ಬಂದರೆ ತೋಟಗಾರಿಕೆ ಇಲಾಖೆ ಬೆಳೆಸಿದ ಗಿರಿಧಾಮ. ಎರಡಡಿ ಅಗಲದ ಫಲಕಕ್ಕಾಗಿ ಇಷ್ಟು ಕಡೆ ಕೇಳಬೇಕು. ಒಂದು ಕಚೇರಿಯಲ್ಲಿ ಇನ್ನೊಂದರ ಒಪ್ಪಿಗೆ ಪತ್ರ ತನ್ನಿ ಎನ್ನುತ್ತಾರೆ, ಅಲ್ಲಿ ಹೋದರೆ ಇದು ನಮಗೆ ಬರುವುದಿಲ್ಲ ಎನ್ನುತ್ತಾರೆ. ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರಲು ಒಂದು ದಿನದ ವ್ಯಾಪಾರ ಹೋಗುತ್ತದೆ. ಇದರ ಮುಂದೆ ಒಂದು ಸುತ್ತಿಗೆ, ನಾಲ್ಕು ಮೊಳೆ ಯಾರಿಗಾದರೂ ಸುಲಭವಾಗಿ ಕಂಡರೆ ಅಚ್ಚರಿಯಿಲ್ಲ. ಅನುಮತಿ ಪಡೆಯುವ ದಾರಿ ಕಡಿದಾದಷ್ಟೂ ಮರಕ್ಕೆ ಬೀಳುವ ಮೊಳೆ ಹೆಚ್ಚುತ್ತದೆ.

ದುಡ್ಡಿನ ವಿಷಯವನ್ನೂ ಬಿಡಿಸಿ ನೋಡಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಗ್ರಾಮ ಪಂಚಾಯಿತಿಗಳಿಗೆ ವಸೂಲಿಗೆ ಬಿಟ್ಟುಕೊಟ್ಟ ಬಾಬುಗಳಲ್ಲಿ ಜಾತ್ರೆಯ ಯಾತ್ರಿಕರ ಶುಲ್ಕ, ಸಂತೆ ಸುಂಕಗಳ ಜೊತೆ ಜಾಹೀರಾತು ಫಲಕಗಳ ತೆರಿಗೆಯೂ ಇತ್ತು. ಜಿಎಸ್‌ಟಿಗಾಗಿ 2016ರಲ್ಲಿ ಸಂವಿಧಾನಕ್ಕೆ 101ನೇ ತಿದ್ದುಪಡಿ ಬಂದಾಗ ರಾಜ್ಯಪಟ್ಟಿಯಿಂದ 55ನೇ ನಮೂದು, ಅಂದರೆ ಜಾಹೀರಾತಿನ ಮೇಲಿನ ತೆರಿಗೆ, ಕೈಬಿಟ್ಟುಹೋಯಿತು. ಹೀಗಾಗಿ ದೇಶದಾದ್ಯಂತ ಸ್ಥಳೀಯ ಸಂಸ್ಥೆಗಳು ತೆರಿಗೆಯ ಬದಲು ಪರವಾನಗಿ ಶುಲ್ಕ, ನೆಲಬಾಡಿಗೆ ಎಂದು ವಸೂಲಿ ಮಾಡುವ ಕಡೆ ಹೊರಳಿವೆ. ತೆರಿಗೆಗೆ ಪ್ರತಿಯಾಗಿ ಇಂಥದ್ದೇ ಕೊಡಿ ಎಂದು ಕೇಳಲಾಗದು. ಶುಲ್ಕದ ವಿಷಯ ಬೇರೆ, ಅದಕ್ಕೆ ತಕ್ಕ ಸೇವೆ ಇರಬೇಕು. ಪಂಚಾಯಿತಿಗೆ ಬೋರ್ಡಿನ ಶುಲ್ಕ ಕಟ್ಟಿದವರು ಬದಲಿಗೆ ಕೇಳಬೇಕಾದದ್ದು ಇದನ್ನೇ: ನನ್ನ ಬೋರ್ಡಿಗೆ ಜಾಗ ಗುರುತಿಸಿಕೊಡಿ, ಅದನ್ನು ಮರೆಮಾಡುವ ಅನಧಿಕೃತ ಫಲಕ ತೆಗೆಸಿ, ಗೊತ್ತಾದ ಗಡುವಿನೊಳಗೆ ಉತ್ತರ ಕೊಡಿ. ಇವು ಸಿಕ್ಕರೆ ಅನುಮತಿ ಸಾರ್ಥಕ. ರಸೀದಿ ಮಾತ್ರ ಸಿಕ್ಕರೆ ಅದು ದಂಡ.

ಕಲ್ಲತ್ತಿಗಿರಿ ಬಂತು. ಬಂಡೆಯ ನಡುವೆ ವೀರಭದ್ರೇಶ್ವರ ಗುಡಿ, ಅದರ ಮೇಲಿಂದಲೇ ಇಳಿಯುವ ನೀರು, ಕಲ್ಲಾನೆಗಳು. ಗುಡಿಗೆ ಹೋಗುವ ದಾರಿಯ ಹಣ್ಣುಕಾಯಿ ಅಂಗಡಿ, ಟೀ ಅಂಗಡಿ, ಬಜ್ಜಿ ಅಂಗಡಿಗಳಿಗೆ ಬೋರ್ಡು ಬೇಕಿಲ್ಲ, ಎಣ್ಣೆಯ ವಾಸನೆಯೇ ಕರೆಯುತ್ತದೆ. ಇಂಥವರನ್ನು ಅನುಮತಿಯ ಗೊಡವೆಗೆ ಎಳೆಯಲೇಬಾರದು.

ಅಲ್ಲಿಂದ ಕೆಮ್ಮಣ್ಣುಗುಂಡಿಗೆ ಸುತ್ತು ಸುತ್ತಿನ ಏರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಕೊಟ್ಟ ಬೆಟ್ಟ ಇದು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬೇಸಿಗೆಯ ಬಿಡಾರವಾಗಿತ್ತು, ಅವರ ಹೆಸರಿನಲ್ಲೇ ಕೃಷ್ಣರಾಜೇಂದ್ರ ಗಿರಿಧಾಮವಾಯಿತು. ಸಮುದ್ರಮಟ್ಟದಿಂದ 1434 ಮೀಟರ್ ಎತ್ತರ. ಮಂಜು ಇಳಿದ ದಿನ ಹತ್ತು ಮಾರು ಮುಂದಿನದು ಕಾಣದು. ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಫೋನಿನ ನಕ್ಷೆಯಿರುವಾಗ ದಾರಿಬದಿಯ ಬೋರ್ಡು ಯಾಕೆ ಎಂದು ಊರಲ್ಲಿ ಕೂತು ವಾದಿಸುವವರು ಒಮ್ಮೆ ಈ ತಿರುವುಗಳಲ್ಲಿ ಮುಸ್ಸಂಜೆ ಬಂದು ನೋಡಬೇಕು. ಇಲ್ಲಿ ಸರಿಯಾದ ಜಾಗದಲ್ಲಿ ನಿಂತ ಬೋರ್ಡು ಜೀವ ಉಳಿಸುವ ವಸ್ತು. ತಪ್ಪು ಜಾಗದಲ್ಲಿ, ತಿರುವಿನ ನೋಟಕ್ಕೆ ಅಡ್ಡವಾಗಿ ನಿಂತ ಬೋರ್ಡು ಜೀವ ತೆಗೆಯುವ ವಸ್ತು.

ಜೀವ ತೆಗೆಯುವ ಮಾತು ಉತ್ಪ್ರೇಕ್ಷೆಯಲ್ಲ. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಗಾಳಿಮಳೆಗೆ ಪೆಟ್ರೋಲ್ ಬಂಕಿನ ಮೇಲೆ ಉರುಳಿದ ಹೋರ್ಡಿಂಗ್ 17 ಜನರನ್ನು ಬಲಿ ತೆಗೆದುಕೊಂಡಿತು. ಅದರ ಅಳತೆ 120 ಅಡಿಗೆ 120 ಅಡಿ. ಅಲ್ಲಿನ ಪಾಲಿಕೆ ಒಪ್ಪುತ್ತಿದ್ದ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಆ ನೆಲ ಪಾಲಿಕೆಯದಲ್ಲ, ರೈಲ್ವೆ ಪೊಲೀಸರ ಸುಪರ್ದಿಯದು, ಆದ್ದರಿಂದ ಪಾಲಿಕೆಯ ಅನುಮತಿ ಬೇಕಿಲ್ಲ ಎಂಬ ವಾದದ ಮರೆಯಲ್ಲಿ ಅದು ಎದ್ದು ನಿಂತಿತ್ತು. 2019ರಲ್ಲಿ ಚೆನ್ನೈನಲ್ಲಿ ರಸ್ತೆ ನಡುವೆ ಅನುಮತಿಯಿಲ್ಲದೆ ಕಟ್ಟಿದ್ದ ಮದುವೆ ಬ್ಯಾನರು ಬಿದ್ದು ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಬೆಂಗಳೂರಿನಲ್ಲಿ 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆಯೇ ಪಾಲಿಕೆ ಫ್ಲೆಕ್ಸ್, ಹೋರ್ಡಿಂಗುಗಳನ್ನು ರಾಶಿ ರಾಶಿಯಾಗಿ ಇಳಿಸಿದ್ದು. ಅಳತೆ ನೋಡಿ, ಬುನಾದಿ ನೋಡಿ, ಜಾಗ ನೋಡಿ ಕೊಡುವ ಅನುಮತಿ ಯಾಕೆ ಬೇಕು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಒಂದೇ ರಸ್ತೆಗೆ ಹಲವು ಒಡೆಯರಿರುವ ಕಡೆ ಯಾರೂ ನೋಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಘಾಟ್ಕೋಪರ್ ಸಾಕ್ಷಿ. ನಮ್ಮ ಬೆಟ್ಟದಲ್ಲಿ ಅಷ್ಟು ದೊಡ್ಡ ಹೋರ್ಡಿಂಗ್ ಇಲ್ಲ, ಆದರೆ ಆಷಾಢದ ಗಾಳಿ ಇದೆ.

ಕೆಮ್ಮಣ್ಣುಗುಂಡಿ ಕಡೆಯಿಂದ ಹೆಬ್ಬೆಗೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿ ಹೋಗಬೇಕು. ಸ್ವಂತ ಕಾರಿಗೆ ಪ್ರವೇಶವಿಲ್ಲ, ಜೀಪೇ ಗತಿ. ಕಲ್ಲು, ಕೆಂಪುಮಣ್ಣು, ಕೊರಕಲು, ನಡುನಡುವೆ ಕಾಫಿ ಗಿಡ. ಜೀಪು ಬಿಟ್ಟ ಮೇಲೆ ಹಳ್ಳ ದಾಟುತ್ತ ನಡಿಗೆ, ಮಳೆಗಾಲದಲ್ಲಾದರೆ ಕಾಲಿಗೆ ಜಿಗಣೆ. ಇದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು. ಇಲ್ಲಿ ಮಾರುವವರ ಬೋರ್ಡು ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಪ್ಲಾಸ್ಟಿಕ್ ತರಬೇಡಿ, ನೀರಿಗೆ ಇಳಿಯಬೇಡಿ ಎಂಬ ಇಲಾಖೆಯ ಮಾತುಗಳಷ್ಟೆ. ಕೆಳಗಿನ ಗದ್ದಲದ ನಂತರ ಈ ಖಾಲಿ ಮರಗಳನ್ನು ನೋಡುವುದೇ ಒಂದು ಸುಖ. ಸುಮಾರು 168 ಮೀಟರ್ ಎತ್ತರದಿಂದ ಎರಡು ಹಂತವಾಗಿ, ದೊಡ್ಡ ಹೆಬ್ಬೆ ಚಿಕ್ಕ ಹೆಬ್ಬೆಯಾಗಿ ನೀರು ಬೀಳುತ್ತದೆ. ಇಷ್ಟು ಜನರನ್ನು ಕರೆಯಲು ಅದಕ್ಕೆ ಯಾವ ಫಲಕವೂ ಬೇಕಾಗಿಲ್ಲ. ಸಂರಕ್ಷಿತ ಕಾಡಿನ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಿಸುವ ಕೇಂದ್ರದ ಅಧಿಸೂಚನೆಗಳಲ್ಲಿ ವಾಣಿಜ್ಯ ಫಲಕ, ಹೋರ್ಡಿಂಗುಗಳನ್ನು ‘ನಿಯಂತ್ರಿತ’ ಪಟ್ಟಿಗೆ ಸೇರಿಸುವ ವಾಡಿಕೆ ಇದೆ. ಕಾಡಿನೊಳಗೆ ಅನುಮತಿಯ ಮಾತೇ ಏಳಬಾರದು, ಕಾಡಿನ ಅಂಚಿನಲ್ಲಿ ಅನುಮತಿ ಕಟ್ಟುನಿಟ್ಟಾಗಿರಬೇಕು.

ಹಾಗಾದರೆ ದಾರಿಬದಿಯಲ್ಲಿ ಹೋಂಸ್ಟೇಯವರು, ಜೀಪಿನವರು, ಊಟದ ಮನೆಯವರು ಏನು ಮಾಡಬೇಕು? ಇದಕ್ಕೆ ಒಳ್ಳೆಯ ಮಾದರಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದೆ. ಅದೂ ಬೆಟ್ಟ, ಕಾಡು, ಪ್ರವಾಸಿಗರನ್ನು ನಂಬಿದ ನಾಡು. 1968ರಲ್ಲಿ ಅಲ್ಲಿ ರಸ್ತೆಬದಿಯ ಜಾಹೀರಾತು ಹೋರ್ಡಿಂಗುಗಳನ್ನು ಕಾನೂನು ತಂದು ನಿಷೇಧಿಸಿದರು. ಬರೀ ನಿಷೇಧಿಸಿ ಕೈತೊಳೆದುಕೊಳ್ಳಲಿಲ್ಲ. ಹೋಟೆಲು, ತೋಟ, ಅಂಗಡಿಗಳಿಗೆ ದಾರಿ ತೋರಿಸುವ ಒಂದೇ ಅಳತೆಯ ಪುಟ್ಟ ಫಲಕಗಳನ್ನು ಸರ್ಕಾರದ ವ್ಯವಸ್ಥೆಯಲ್ಲೇ ನಿಲ್ಲಿಸಿದರು. ಶುಲ್ಕ ಕಟ್ಟಿದವರಿಗೆ ಕೂಡುದಾರಿಯಲ್ಲಿ ಒಂದು ಪಟ್ಟಿ ಸಿಗುತ್ತದೆ. ದೊಡ್ಡ ರೆಸಾರ್ಟಿಗೂ ಅದೇ ಅಳತೆ, ಎರಡು ಕೋಣೆಯ ಮನೆಗೂ ಅದೇ ಅಳತೆ. ಅರ್ಧ ಶತಮಾನ ದಾಟಿದರೂ ಆ ಕಾನೂನು ನಿಂತಿದೆ, ಪ್ರವಾಸಿಗರೂ ಬರುತ್ತಿದ್ದಾರೆ.

ಲಿಂಗದಹಳ್ಳಿಯ ಕೂಡುದಾರಿಗೆ, ಕಲ್ಲತ್ತಿಗಿರಿ ತಿರುವಿಗೆ, ಕೆಮ್ಮಣ್ಣುಗುಂಡಿ ಕೆಳಗಿನ ಕವಲಿಗೆ ಇಂಥ ಒಂದೊಂದು ಕಬ್ಬಿಣದ ಚೌಕಟ್ಟು ಸಾಕು. ಅದರಲ್ಲಿ ಒಂದೇ ಅಳತೆಯ ತಗಡಿನ ಪಟ್ಟಿಗಳು, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ಕಿಲೋಮೀಟರು, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ. ನೋಂದಣಿ ಇಲ್ಲದ ಹೋಂಸ್ಟೇಗೆ ಪಟ್ಟಿಯಿಲ್ಲ. ಇದರಿಂದ ಕ್ರಮವಾಗಿ ನಡೆಸುವವರಿಗೆ ನಿಜವಾದ ಲಾಭ, ಏಕೆಂದರೆ ಸಂಸಾರ ಸಮೇತ ಬರುವ ಪ್ರವಾಸಿ ನಂಬಿಕೆಯ ಗುರುತು ಹುಡುಕುತ್ತಾನೆ. ಪಟ್ಟಿ ಬರೆಯುವ ಕೆಲಸವನ್ನು ಫ್ಲೆಕ್ಸ್ ಯಂತ್ರದಿಂದ ಕೆಲಸ ಕಳೆದುಕೊಂಡ ಸ್ಥಳೀಯ ಬೋರ್ಡು ಕಲಾವಿದರಿಗೆ ಕೊಡಬಹುದು. ತರೀಕೆರೆಯ ಮಂಡಿಯ ಮೇಲಿನ ಆ ಹಳದಿ ತಗಡಿನಂತೆ ಎನಾಮಲ್ ಬಣ್ಣದ ಬರಹ ಮಳೆಗೆ ಬಗ್ಗುವುದಿಲ್ಲ. ಅರ್ಜಿ ಹಾಕಲು ತಾಲ್ಲೂಕು ಕಚೇರಿಗೆ ಹೋಗುವ ಅಗತ್ಯ ಬೀಳಬಾರದು. ಗ್ರಾಮ ಪಂಚಾಯಿತಿಗಳಲ್ಲಿ ಬಾಪೂಜಿ ಸೇವಾ ಕೇಂದ್ರ ಇದ್ದೇ ಇದೆ. ಲೋಕೋಪಯೋಗಿ, ಅರಣ್ಯ, ತೋಟಗಾರಿಕೆ ಇಲಾಖೆಗಳ ಒಪ್ಪಿಗೆಯನ್ನು ಚೌಕಟ್ಟು ನಿಲ್ಲಿಸುವಾಗ ಪಂಚಾಯಿತಿಯೇ ಒಮ್ಮೆಗೆ ಪಡೆದಿಟ್ಟುಕೊಂಡರೆ, ಆಮೇಲೆ ಪ್ರತಿ ವ್ಯಾಪಾರಿಯೂ ನಾಲ್ಕು ಬಾಗಿಲು ತಟ್ಟಬೇಕಿಲ್ಲ.

ಸಾರ್ವಜನಿಕ ಜಾಗಗಳ ಅಂದಗೆಡಿಸುವುದರ ವಿರುದ್ಧ 1981ರ ಕಾಯ್ದೆಯೊಂದು ರಾಜ್ಯದಲ್ಲಿದೆ. ಆರು ತಿಂಗಳ ಸಜೆ ಅಥವಾ ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ ಎನ್ನುತ್ತದೆ ಅದು. ಸಾವಿರ ರೂಪಾಯಿಗೆ ಈಗ ಯಾರೂ ಹೆದರುವುದಿಲ್ಲ. ಹೆದರಿಸುವ ಮೊದಲು ಬೋರ್ಡು ನಿಲ್ಲಿಸಲು ಒಂದು ನ್ಯಾಯವಾದ ಜಾಗ ತೋರಿಸಬೇಕು. ತೋರಿಸಿದ ಮೇಲೂ ಮರಕ್ಕೆ ಮೊಳೆ ಹೊಡೆಯುವವರ ಮೇಲೆ ಕೇಸು ಹಾಕಲಿ, ಯಾರೂ ಅಡ್ಡ ಬರುವುದಿಲ್ಲ.

ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ದಸರಾ ರಜೆಯ ಜನ ಬರುವ ಮೊದಲಿನ ಸಭೆಯಲ್ಲಿ ಈ ಭಾಗದ ಹೋಂಸ್ಟೇಯವರೂ ಜೀಪಿನವರೂ ಅಂಗಡಿಯವರೂ ಒಟ್ಟಿಗೆ ಎದ್ದು ಈ ಚೌಕಟ್ಟುಗಳನ್ನು ಕೇಳಲಿ. ಜೊತೆಗೆ ಒಂದು ಬೇಡಿಕೆ ಹೆಚ್ಚಿಗೆ ಇಡಲಿ. ಮಳೆ ಜಾಸ್ತಿಯಾದಾಗ, ಕಾಡ್ಗಿಚ್ಚಿನ ಕಾಲದಲ್ಲಿ ಅರಣ್ಯ ಇಲಾಖೆ ಪ್ರವೇಶ ನಿಲ್ಲಿಸಿದರೆ, ಮೇಲೆ ಚೆಕ್‌ಪೋಸ್ಟ್‌ವರೆಗೆ ಹೋಗಿ ವಾಪಸಾದ ಮೇಲೇ ಜನಕ್ಕೆ ವಿಷಯ ತಿಳಿಯುವಂತಾಗಬಾರದು. ಲಿಂಗದಹಳ್ಳಿಯ ಚೌಕಟ್ಟಿನ ಎಲ್ಲಕ್ಕಿಂತ ಮೇಲಿನ ಪಟ್ಟಿ ಯಾವ ವ್ಯಾಪಾರಿಗೂ ಸೇರದಿರಲಿ. ಹೆಬ್ಬೆ ದಾರಿ ಇವತ್ತು ತೆರೆದಿದೆಯೇ ಮುಚ್ಚಿದೆಯೇ, ಜೀಪಿನ ದರ ಎಷ್ಟು, ಕೊನೆಯ ಜೀಪು ಎಷ್ಟು ಗಂಟೆಗೆ ಎಂದು ದಿನಾ ಬೆಳಿಗ್ಗೆ ಅದರ ಮೇಲೆ ಬರೆಯುವ ಹೊಣೆಯನ್ನು ಪಂಚಾಯಿತಿ ಹೊರಲಿ.